ಮೆಣಸಿನಕಾಯಿ ಬಾಯಾರ ಜರಡಿ

ಶಕುಂತಲಾ ಮೆಣಸಿನಕಾಯಿಯವರಿಗೆ ಸಿಟ್ಟು ಬರಿಸಲು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ. ಕಾದಂಬರಿಯ ನಾಯಕನ ಕೈಗೆ ಒಂದು ಮಾತನಾಡುವ ಕತ್ತಿ ಕೊಟ್ಟರೆ ಸಾಕಿತ್ತು. ಗಗನನೌಕೆಯಲ್ಲಿ ಹತ್ತು ನಿಮಿಷಕ್ಕಾಗುವಷ್ಟೇ ಆಮ್ಲಜನಕ ಉಳಿದಿರುವಾಗ ಅದರ ಕ್ಯಾಪ್ಟನ್ ಮೂರು ಪುಟ ಭಾಷಣ ಬಿಗಿದರೂ ಸಾಕಿತ್ತು. ಆಗ ಅವರು ಮೂಗಿನ ತುದಿಗೆ ಜಾರಿದ ಕನ್ನಡಕ ಏರಿಸಿ, ಸೆರಗಿನಲ್ಲಿ ಸಿಕ್ಕಿಸಿಕೊಂಡ ಮೊಂಡು ಪೆನ್ಸಿಲ್ ತೆಗೆದು, ಪುಟದ ಅಂಚಿನಲ್ಲಿ ಬರೆಯುತ್ತಿದ್ದರು: ‘ಇವನು ಬಾಯಿ ಮುಚ್ಚಿದ್ದರೆ ಇನ್ನಿಬ್ಬರು ಬದುಕುತ್ತಿದ್ದರು.’

ಧಾರವಾಡದ ಮಾಳಮಡ್ಡಿಯಲ್ಲಿದ್ದ ಸಂಜೀವಿನಿ ವಾಚನಾಲಯಕ್ಕೆ ಅವರು ನಲವತ್ತೈದು ವರ್ಷಗಳ ಚಂದಾದಾರರು. ಓದುತ್ತಿದ್ದದ್ದು ಎರಡೇ ಬಗೆ, ವೈಜ್ಞಾನಿಕ ಕಾದಂಬರಿ ಮತ್ತು ಮಾಯಾಲೋಕದ ಕಾದಂಬರಿ. ಬೈಯುತ್ತಿದ್ದದ್ದೂ ಅವೆರಡನ್ನೇ. ಇಡೀ ಗ್ರಹಕ್ಕೆಲ್ಲ ಒಂದೇ ಹವಾಮಾನ ಇಟ್ಟ ಲೇಖಕನಿಗೆ ‘ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬಾ, ಎರಡು ಹವೆ ಸಿಗುತ್ತವೆ’ ಎಂದು ಬರೆದಿದ್ದರು. ಏಳು ಸಂಪುಟಗಳ ಸಾಮ್ರಾಜ್ಯದಲ್ಲಿ ಒಬ್ಬರೂ ಅಡುಗೆ ಮಾಡುವುದಿಲ್ಲ, ಎಲ್ಲರೂ ಬರೀ ಔತಣ ಉಣ್ಣುತ್ತಾರೆ ಎಂಬುದನ್ನು ಪಾತ್ರೆ ತೊಳೆಯುವವರ ಪರವಾಗಿ ಖಂಡಿಸಿದ್ದರು. ಅಳುವ ರೋಬೋಟು ಬಂತೆಂದರೆ ಪೆನ್ಸಿಲಿನ ಮೊನೆ ಕಾಗದ ಹರಿಯುವಷ್ಟು ಒತ್ತುತ್ತಿತ್ತು. ದೂರವಾಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮಂದಿಯ ಮಾತಿಗೆ ತಂತಿ ಜೋಡಿಸಿ, ತಾವು ಮಾತ್ರ ತುಟಿ ಬಿಚ್ಚದೆ ಕುಳಿತ ಹೆಂಗಸು. ಆ ಬಾಕಿ ಮಾತೆಲ್ಲ ಕಾದಂಬರಿಕಾರರ ತಲೆಯ ಮೇಲೆ ಬಿತ್ತು ಎಂದರೆ ತಪ್ಪಾಗದು.

ಆ ವಾಚನಾಲಯದ ಓದುಗರು ಕತೆಗಿಂತ ಅಂಚಿನ ಬರಹವನ್ನೇ ಮೊದಲು ಹುಡುಕುತ್ತಿದ್ದರು. ಊರಿಗೆಲ್ಲ ಶಕುಂತಲಾಬಾಯಿ ಬರೀ ‘ಬಾಯಾರು’. ‘ಬಾಯಾರು ಏನಂದಾರ ನೋಡೋಣು’ ಎಂದು ಪುಟ ತಿರುವುತ್ತಿದ್ದರು. ಇದು ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಶಕುಂತಲಾಬಾಯಿಯವರಿಗೆ ಬಹಳ ಸುಖ ಕೊಡುತ್ತಿತ್ತು.

ಆ ಹೊತ್ತಿಗೆ ಕಾದಂಬರಿ ಬರೆಯಲು ಮನುಷ್ಯರೇ ಬೇಕೆಂಬ ಕಾಲ ಹೋಗಿತ್ತು. ಫೋನಿಗೆ ನಾಲ್ಕು ಸಾಲು ಹೇಳಿದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ನಾನೂರು ಪುಟ ಸಿದ್ಧವಾಗುತ್ತಿತ್ತು. ಕನ್ನಡದ ಐದು ಪ್ರಕಾಶನಗಳಿಗೆ ತಿಂಗಳಿಗೆ ನಲವತ್ತು ಸಾವಿರ ಹಸ್ತಪ್ರತಿ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಮೈಮುರಿದು ಬರೆದದ್ದು ಯಾವುದು, ಚಹಾ ಕುಡಿಯುತ್ತ ಬರೆಸಿದ್ದು ಯಾವುದು ಎಂದು ಆರಿಸುವವರಾರು? ಐವರೂ ಸೇರಿ ಒಂದು ಜರಡಿ ಬೇಕೆಂದರು. ಹುಬ್ಬಳ್ಳಿ ರಸ್ತೆಯ ರಾಯಾಪುರದ ಹತ್ತಿರ ಪ್ರಯೋಗಾಲಯ ಇಟ್ಟುಕೊಂಡಿದ್ದ ಸಂಗಮನಾಥ ಇಟಗಿ ಎಂಬ ವಿಜ್ಞಾನಿ ಅದನ್ನು ಮಾಡಿಕೊಡಲು ಒಪ್ಪಿದ. ಯಂತ್ರದ ಹೆಸರೂ ‘ಜರಡಿ’ ಎಂದೇ ಆಯಿತು.

ಇಟಗಿ ಒಂದು ದಿನ ಮುಂಜಾನೆ ಮನೆಗೆ ಬಂದು, ಬಾಯಾರ ಪೆನ್ಸಿಲ್ ಬರಹ ಇರುವ ಪುಸ್ತಕಗಳನ್ನೆಲ್ಲ ವಾಚನಾಲಯದಿಂದ ತೆಗೆದುಕೊಳ್ಳಲು ಅಪ್ಪಣೆ ಕೇಳಿದ. ಅಂಥವು ಸಾವಿರದ ಮುನ್ನೂರ ನಲವತ್ತು ಸಿಕ್ಕಿದ್ದವು. ಯಂತ್ರ ಅಕ್ಷರವನ್ನಷ್ಟೇ ಓದುವುದಿಲ್ಲ, ಪೆನ್ಸಿಲ್ ಕಾಗದದಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೂ ಅಳೆಯುತ್ತದೆ ಎಂದು ಅವನು ವಿವರಿಸಿದ. ಯಾವ ಬಗೆಯ ವಾಕ್ಯಕ್ಕೆ ಎಷ್ಟು ಸಿಟ್ಟು ಎಂಬುದು ಅದಕ್ಕೆ ತಿಳಿಯುತ್ತದೆ. ಆಮೇಲೆ ಹೊಸ ಹಸ್ತಪ್ರತಿ ಕೊಟ್ಟರೆ ಬಾಯಾರು ಎಲ್ಲಿ ಪೆನ್ಸಿಲ್ ಎತ್ತುತ್ತಿದ್ದರು, ಏನು ಬರೆಯುತ್ತಿದ್ದರು, ಹತ್ತಕ್ಕೆ ಎಷ್ಟು ಕೊಡುತ್ತಿದ್ದರು ಎಂಬುದನ್ನು ಎರಡು ನಿಮಿಷದಲ್ಲಿ ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಕಾಶಕರ ಎದುರು ಪರೀಕ್ಷೆ. ಹತ್ತು ಹಸ್ತಪ್ರತಿಗಳಲ್ಲಿ ಒಂಬತ್ತಕ್ಕಾದರೂ ಯಂತ್ರದ ಅಂಕವೂ ಬಾಯಾರ ಅಂಕವೂ ಕೂಡಿಬರಬೇಕು. ಬರದಿದ್ದರೆ ಕರಾರು ರದ್ದು.

ಶಕುಂತಲಾಬಾಯಿ ಯೋಚಿಸುತ್ತೇನೆ ಎಂದು ಬಾಯಲ್ಲಿ ಹೇಳಿದರು. ಒಳಗೆ ಮನಸ್ಸು ಆಗಲೇ ರುಜು ಹಾಕಿಬಿಟ್ಟಿತ್ತು. ಎಪ್ಪತ್ತು ವರ್ಷದ ಬಾಳಿನಲ್ಲಿ ನಿಮ್ಮ ಅಭಿಪ್ರಾಯವೇನು ಎಂದು ಮನೆ ಬಾಗಿಲಿಗೆ ಬಂದು ಕೇಳಿದವನು ಇವನೊಬ್ಬನೇ.

ಅವರ ತಂಗಿ ಕುಮುದಿನಿ ಆಗ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದು ಹದಿನೇಳು ವರ್ಷವಾಗಿತ್ತು. ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು, ಮಾತು ಕಡಿಮೆ. ಇಟಗಿ ಹೋದ ಮೇಲೆ ಅವಳು ಕಾಲು ನಿಲ್ಲಿಸದೆ, ಇನ್ನು ಮುಂದೆ ಅಕ್ಕನಿಗೆ ಸೇರದ ಪುಸ್ತಕ ಅಚ್ಚಾಗುವುದೇ ಇಲ್ಲವೋ ಎಂದು ಕೇಳಿದಳು. ಆಗದಿದ್ದರೆ ದೇಶಕ್ಕೆ ಒಳ್ಳೆಯದೇ ಎಂದು ಶಕುಂತಲಾಬಾಯಿ ನಕ್ಕರು. ಕುಮುದಿನಿ ನಗಲಿಲ್ಲ. ಅದನ್ನು ಅವರು ಗಮನಿಸಲೂ ಇಲ್ಲ.

ಮೊದಲ ನಾಲ್ಕು ಪರೀಕ್ಷೆಗಳಲ್ಲಿ ಜರಡಿ ಹತ್ತಕ್ಕೆ ಹತ್ತು ಹೊಂದಿಸಿತು. ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಗಾಜಿನ ಗೋಡೆಯಾಚೆ ಪ್ರಕಾಶಕರ ಪ್ರತಿನಿಧಿಗಳು ಕುಳಿತಿರುತ್ತಿದ್ದರು. ಇವರು ಓದಿ ‘ಎರಡು’ ಎನ್ನುವುದು, ಮರುಕ್ಷಣ ಪರದೆಯ ಮೇಲೆ ಯಂತ್ರದ ‘ಎರಡು’ ಮೂಡುವುದು, ಕೆಳಗೆ ಇವರದೇ ಧಾಟಿಯಲ್ಲಿ ನಾಲ್ಕು ಸಾಲು ಬೈಗುಳ. ತನ್ನ ಮಾತನ್ನು ಇನ್ನೊಂದು ಬಾಯಿಂದ ಕೇಳುವ ಸುಖ ಬಾಯಾರಿಗೆ ಅಮಲಿನಂತೆ ಏರಿತ್ತು.

ಐದನೆಯ ಪರೀಕ್ಷೆಗೆ ಹತ್ತು ದಿನ ಉಳಿದಿದ್ದಾಗ ಮನೆಯಲ್ಲಿ ತಟ್ಟೆಗಳ ಸಪ್ಪಳ ಶುರುವಾಯಿತು. ಕುಮುದಿನಿ ರೊಟ್ಟಿ ತಂದು ಕುಕ್ಕುವಳು, ಪಲ್ಯ ಕುಕ್ಕುವಳು, ನೀರಿನ ತಂಬಿಗೆ ಕುಕ್ಕುವಳು. ಮಾತಿಲ್ಲ. ಎರಡು ದಿನ ಕಾಯ್ದು ಮೂರನೆಯ ದಿನ ಶಕುಂತಲಾಬಾಯಿ, ನಾಲಿಗೆ ಎಲ್ಲಿಟ್ಟು ಮರೆತೆ ಎಂದು ಕೆಣಕಿದರು. ಕುಮುದಿನಿ ತನ್ನ ಫೋನು ತಂದು ಅವರ ತಟ್ಟೆಯ ಪಕ್ಕದಲ್ಲಿಟ್ಟಳು.

ಅದರಲ್ಲಿ ಜರಡಿಯ ತೀರ್ಪಿತ್ತು. ಕಾದಂಬರಿಯ ಹೆಸರು ‘ಗಾಳಿಯ ಅಂಗಿ’. ಲೇಖಕಿಯ ಹೆಸರು ಯಾವುದೋ ಕಾವ್ಯನಾಮ. ಅಂಕ ಒಂದು. ಕೆಳಗೆ ಹೀಗಿತ್ತು: ‘ಹನ್ನೊಂದನೆಯ ಪುಟಕ್ಕೆ ಮುಚ್ಚಿಟ್ಟೆ. ಭವಿಷ್ಯವಾಣಿ ಬಂತೆಂದರೆ ಬರೆಯುವವರಿಗೆ ಮುಂದಿನದು ಗೊತ್ತಿಲ್ಲ ಎಂದೇ ಅರ್ಥ. ಈಕೆ ಬಟ್ಟೆ ಹೊಲಿಯಲಿ, ಅದಕ್ಕೆ ತಲೆ ಬೇಕಾಗಿಲ್ಲ.’

ಕೊನೆಯ ಸಾಲು ಶಕುಂತಲಾಬಾಯಿಯವರಿಗೆ ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಡ್ರ್ಯಾಗನ್ ಕತೆಯ ಅಂಚಿನಲ್ಲಿ ಅವರೇ ಬರೆದದ್ದು. ಯಂತ್ರ ಹೆಕ್ಕಿ ತಂದು ಇಲ್ಲಿ ಇಟ್ಟಿತ್ತು, ಅಷ್ಟೇ. ಕೈಯಲ್ಲಿದ್ದ ರೊಟ್ಟಿಯ ತುತ್ತನ್ನು ತಟ್ಟೆಗೆ ಹಿಂದಿಟ್ಟರು.

“ಹನ್ನೊಂದು ವರ್ಷ ಬರದೀನಿ,” ಎಂದಳು ಕುಮುದಿನಿ. “ನೀ ವಾಚನಾಲಯಕ್ಕ ಹೋದಾಗ ಬರದೀನಿ. ನಿನಗ ಗೊತ್ತಾಗಬಾರದು ಅಂತ ಬ್ಯಾರೆ ಹೆಸರು ಇಟ್ಟೀನಿ. ಈಗ ಐದೂ ಮಂದಿ ಒಮ್ಮೆಲೇ ಬಾಗಲಾ ಹಾಕಿದ್ರು. ಒಮ್ಮೆ ಜರಡಿ ಒಗದ್ರ ಮತ್ತ ತಗೊಳ್ಳಂಗಿಲ್ಲಂತ.”

ಅದು ತಾನು ಹೇಳಿದ್ದಲ್ಲ, ಯಂತ್ರ ಹೇಳಿದ್ದು ಎಂದರು ಶಕುಂತಲಾಬಾಯಿ. ಹೇಳುವಾಗಲೇ ಆ ಮಾತು ಎಷ್ಟು ಪುಕ್ಕಲು ಎಂದು ಅವರಿಗೇ ಅನಿಸಿತು.

“ಯಂತ್ರಕ್ಕ ನನ್ನ ಕೆಲಸ ಗೊತ್ತಿಲ್ಲ. ನಿನಗ ಗೊತ್ತೈತಿ. ತಲಿ ಬೇಕಾಗಿಲ್ಲ ಅಂತ ನೀ ಅನ್ಕೊಂಡಿದ್ದು ಖರೇ ಹೌದೋ ಅಲ್ಲೋ?”

ಕುಮುದಿನಿ ಅಂದಿನಿಂದ ಅಡುಗೆಯನ್ನೂ ಬೇರೆ ಮಾಡಿಕೊಂಡಳು.

ಮರುದಿನ ಶಕುಂತಲಾಬಾಯಿ ಬಸ್ಸು ಹತ್ತಿ ರಾಯಾಪುರಕ್ಕೆ ಹೋದರು. ಇಟಗಿಯ ಎದುರು ಕುಳಿತು, ಈ ಹದಿನಾಲ್ಕು ತಿಂಗಳಲ್ಲಿ ಜರಡಿ ದಾಟಿ ಬಂದ ಹಸ್ತಪ್ರತಿ ಎಷ್ಟು ಎಂದು ಕೇಳಿದರು. ಅವನು ಪರದೆಯನ್ನು ಇವರತ್ತ ತಿರುಗಿಸಿದ. ಬಂದದ್ದು ಐದು ಲಕ್ಷದ ಮೇಲೆ. ದಾಟಿದ್ದು ಸೊನ್ನೆ. ಅತಿ ಹೆಚ್ಚು ಅಂಕ ನಾಲ್ಕು.

“ಅಷ್ಟರಾಗ ಒಂದೂ ಚೊಲೋ ಇರಲಿಲ್ಲೇನು?”

ಬಾಯಾರ ಅಭಿರುಚಿಯೇ ಅಷ್ಟು ಎತ್ತರದ್ದು ಎಂದು ಇಟಗಿ ಹಲ್ಲು ಬಿಟ್ಟ. ಆಗ ಅವರಿಗೆ ಹೊಳೆಯಿತು. ಇವನು ವಾಚನಾಲಯದಿಂದ ತಂದದ್ದು ಪೆನ್ಸಿಲ್ ಬರಹ ಇದ್ದ ಪುಸ್ತಕಗಳನ್ನು ಮಾತ್ರ. ಮನಸ್ಸಿಗೆ ಹಿಡಿಸಿದ ಪುಸ್ತಕದ ಮೇಲೆ ಶಕುಂತಲಾಬಾಯಿ ಒಂದು ಚುಕ್ಕೆಯನ್ನೂ ಇಟ್ಟವರಲ್ಲ. ಒಳ್ಳೆಯ ಪುಸ್ತಕವೆಂದರೆ ಸರಸ್ವತಿ, ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳಬೇಕು, ಅದರ ಮೈಮೇಲೆ ಗೀಚುವುದೆಂದರೇನು! ಅಂಥವನ್ನು ಅವರು ಎರಡು ಸಲ ಓದಿ, ಹೊಸ ರಟ್ಟು ಹಾಕಿ, ಬಾಯಿ ಮುಚ್ಚಿಕೊಂಡು ಹಿಂದಿರುಗಿಸುತ್ತಿದ್ದರು. ಅವು ಒಂದೋ ಎರಡೋ ಅಲ್ಲ, ಆರುನೂರರ ಹತ್ತಿರ. ಅವೆಲ್ಲ ಇನ್ನೂ ವಾಚನಾಲಯದ ಕಪಾಟಿನಲ್ಲೇ ಇದ್ದವು. ಈ ಯಂತ್ರ ಅವರ ಸಿಟ್ಟನ್ನು ಪೂರಾ ಕಲಿತಿತ್ತು, ಪ್ರೀತಿಯನ್ನು ಒಂದು ಹಾಳೆಯಷ್ಟೂ ಕಂಡಿರಲಿಲ್ಲ.

ಇದನ್ನು ಅವರು ಬಿಡಿಸಿ ಹೇಳಿದಾಗ ಇಟಗಿಯ ಮುಖದ ನಗು ಆರಿತು. ಆದರೆ ಅವನು ಬೆರಗಾಗಲಿಲ್ಲ, ಬಾಗಿಲು ಮುಚ್ಚಿಬಂದ. ಪ್ರಕಾಶಕರಿಗೆ ಹೀಗೇ ಅನುಕೂಲವಾಗಿದೆ ಎಂದ. ಹೊಸದನ್ನು ತಿರಸ್ಕರಿಸುವ ಹೊಣೆ ಯಂತ್ರ ಹೊತ್ತಿದೆ, ಅವರು ಹಳೆಯ ಹೆಸರುಗಳನ್ನೇ ಮರುಮುದ್ರಣ ಮಾಡುತ್ತ ಹಾಯಾಗಿದ್ದಾರೆ. ಒಪ್ಪುವ ಜರಡಿ ಕೊಟ್ಟರೆ ಒಪ್ಪಿದ್ದನ್ನು ಅಚ್ಚು ಹಾಕಬೇಕಲ್ಲ?

“ಆರುನೂರು ಪುಸ್ತಕ ನಾ ತೋರಸ್ತೀನಿ. ಅದಕ್ಕ ಅವನ್ನೂ ಕಲಿಸ್ರಿ,” ಎಂದರು ಬಾಯಾರು.

“ಕಲಿಸಾಂಗಿಲ್ರಿ. ಮಂದಿಗೆ ನಿಮ್ಮ ಬೈಗುಳ ಬೇಕಾಗಿತ್ತು, ನಾ ಅದನ್ನ ಕೊಟ್ಟೀನಿ. ನಿಮಗ ಏನು ಸೇರತೈತಿ ಅಂತ ಇಷ್ಟು ವರ್ಷದಾಗ ಯಾರರ ಕೇಳ್ಯಾರೇನ್ರೀ?”

ಕೆನ್ನೆಗೆ ಬಾರಿಸಿದ ಹಾಗಾಯಿತು. ಯಾರೂ ಕೇಳಿರಲಿಲ್ಲ. ಬೈದಾಗ ನಕ್ಕು ಪುಟ ತಿರುವಿದ ಓದುಗರಲ್ಲಿ ಒಬ್ಬರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅವರಿಗೆ ಇಟಗಿಯ ಮೇಲೆ ಸಿಟ್ಟಿತ್ತು, ತಂಗಿಯ ಮೇಲೆ ಸಿಟ್ಟಿತ್ತು, ಎಲ್ಲಕ್ಕಿಂತ ಮೇಲೆ ತಮ್ಮ ಮೇಲೆ. ತಾನು ಬೈದದ್ದೆಲ್ಲ ಹುಟ್ಟಿ, ಹೊಲಿಗೆ ಹಾಕಿಸಿಕೊಂಡು, ಕಪಾಟಿಗೆ ಬಂದು ಕುಳಿತ ಪುಸ್ತಕಗಳನ್ನು. ಬೈಸಿಕೊಂಡೂ ಅವು ಬದುಕಿದ್ದವು. ಹುಟ್ಟುವ ಮೊದಲೇ ಕತ್ತು ಹಿಸುಕು ಎಂದು ಅವರು ಯಾವ ಅಂಚಿನಲ್ಲೂ ಬರೆದಿರಲಿಲ್ಲ.

ಐದನೆಯ ಪರೀಕ್ಷೆಯ ದಿನ ನಿಯಂತ್ರಣ ಕೊಠಡಿಯಲ್ಲಿ ಎಂದಿನಂತೆ ಹತ್ತು ಹಸ್ತಪ್ರತಿಗಳ ಆಯ್ದ ಪುಟಗಳನ್ನು ಇಟ್ಟಿದ್ದರು. ಕೆಳಗಿನಿಂದ ಮೂರನೆಯದು ‘ಗಾಳಿಯ ಅಂಗಿ’. ಇಟಗಿ ಅದನ್ನು ಬೇಕೆಂದೇ ಇಟ್ಟಿರಲಿಲ್ಲ, ಚೀಟಿ ಎತ್ತಿ ಆರಿಸಿದ್ದು. ಗಾಜಿನಾಚೆ ಐವರು ಪ್ರತಿನಿಧಿಗಳು ಚಹಾ ಹೀರುತ್ತಿದ್ದರು.

ಮೊದಲನೆಯದರಲ್ಲಿ ಮಂಗಳ ಗ್ರಹದ ರಾಣಿ ಇದ್ದಳು. ಅವಳ ಸೌಂದರ್ಯವನ್ನು ನಾಲ್ಕು ಪುಟ ಬಣ್ಣಿಸಿತ್ತು, ಅವಳು ಉಸಿರಾಡುವುದು ಹೇಗೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಶಕುಂತಲಾಬಾಯಿಯವರ ಬೆರಳು ತುರಿಸಿತು. ಮಾಮೂಲಿನಂತೆ ನಿಜ ಹೇಳಿದರೆ ಯಂತ್ರದ ಅಂಕವೂ ತಮ್ಮ ಅಂಕವೂ ಒಂದೇ ಆಗುತ್ತದೆ. ಎರಡನೆಯದಕ್ಕೂ ಹಾಗೇ, ಹತ್ತನೆಯದಕ್ಕೂ ಹಾಗೇ. ಜರಡಿ ಮತ್ತೆ ಗೆಲ್ಲುತ್ತದೆ, ಬಾಗಿಲು ಮುಚ್ಚಿಯೇ ಇರುತ್ತದೆ. ಅವರ ಹತ್ತಿರ ಉಳಿದದ್ದು ಒಂದೇ ದಾರಿ. ಈ ಜನ್ಮದಲ್ಲಿ ಕಾದಂಬರಿಯ ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ನೆಂಟರ ಮದುವೆಯಲ್ಲಿ ಹೇಳಿದ್ದುಂಟು, ಕಚೇರಿಯಲ್ಲಿ ರಜೆ ಕೇಳುವಾಗ ಹೇಳಿದ್ದುಂಟು, ಪುಸ್ತಕದ ಬಗ್ಗೆ ಇಲ್ಲ.

“ಒಂಬತ್ತು,” ಎಂದರು.

ಪರದೆಯ ಮೇಲೆ ‘ಒಂದು’ ಮೂಡಿತು. ಗಾಜಿನಾಚೆ ಒಬ್ಬರ ಚಹಾದ ಕಪ್ಪು ಅರ್ಧಕ್ಕೇ ನಿಂತಿತು. ಇಟಗಿ ತಡವರಿಸಿ ಕಾರಣ ಕೇಳಿದ. ರಾಣಿಯ ವರ್ಣನೆ ಓದಿ ಮೈ ಝುಮ್ಮೆಂತು ಎಂದು ಬಾಯಾರು ಹೇಳಿದರು. ಹೇಳುವಾಗ ಹರಳೆಣ್ಣೆ ಕುಡಿದವರ ಹಾಗೆ ಮುಖ ಕಿವುಚಿತು.

ಎರಡನೆಯದರ ಮಾತನಾಡುವ ಕತ್ತಿಗೆ ಹತ್ತು ಕೊಟ್ಟರು. ಮೂರನೆಯದರ ಅಳುವ ರೋಬೋಟನ್ನು ಓದಿ ಕಣ್ಣು ಒದ್ದೆಯಾಯಿತು ಎಂದು ಸೆರಗಿನಿಂದ ಒರೆಸಿಕೊಂಡರು. ನಾಲ್ಕಾಗಿ, ಐದಾಗಿ, ಏಳಾಗುವಷ್ಟರಲ್ಲಿ ಇಟಗಿಯ ಕುತ್ತಿಗೆ ಕೆಂಪಾಗಿತ್ತು.

“ಬಾಯಾರ, ನೀವು ಸುಳ್ಳು ಹೇಳಾಕತ್ತೀರಿ. ನಿಮಗ ಇವು ಸೇರಂಗಿಲ್ಲ ಅಂತ ಜರಡಿಗೆ ಗೊತ್ತೈತಿ.”

“ನನಗಿಂತ ಅದಕ್ಕ ಹೆಚ್ಚು ಗೊತ್ತಿದ್ರ ನನ್ನ ಯಾಕ ಕರಸ್ತೀರಿ? ಕರಾರಿನ್ಯಾಗ ನನ್ನ ಹೆಸರು ಐತೋ, ಅದರ ಹೆಸರು ಐತೋ?”

ಪ್ರತಿನಿಧಿಗಳಲ್ಲಿ ಒಬ್ಬ ಹಿರಿಯ ಹೆಂಗಸು ಕರಾರಿನ ಹಾಳೆ ತೆಗೆಸಿ ನೋಡಿದಳು. ಬಾಯಾರ ಹೆಸರೇ ಇತ್ತು. ಪರೀಕ್ಷೆ ಮುಂದುವರಿಯಲಿ ಎಂದಳು.

ಎಂಟನೆಯದಾಗಿ ತಂಗಿಯ ಕಾದಂಬರಿ ಕೈಗೆ ಬಂತು. ಇಪ್ಪತ್ತು ಪುಟ. ಮೊದಲ ಹದಿಮೂರು ಪುಟ ಯಂತ್ರ ಹೇಳಿದಷ್ಟೇ ಕೆಟ್ಟದಾಗಿತ್ತು. ಭವಿಷ್ಯವಾಣಿ ಇತ್ತು, ಹಣೆಯ ಮೇಲೆ ಮಚ್ಚೆ ಇದ್ದ ರಾಜಕುಮಾರನಿದ್ದ, ಅವನಿಗೊಂದು ಕುದುರೆಯೂ ಇತ್ತು. ಏಳು ಸಾಗರ ಎಣಿಸಿದ್ದಳು, ಹುಬ್ಬಳ್ಳಿ ದಾಟಿ ಹೋಗದ ಹೆಂಗಸು. ಶಕುಂತಲಾಬಾಯಿಯವರಿಗೆ ಒಡಹುಟ್ಟಿದವಳೆಂಬ ನಾಚಿಕೆಯೂ ಆಯಿತು. ಹದಿನಾಲ್ಕನೆಯ ಪುಟದಲ್ಲಿ ದರ್ಜಿ ಹೆಂಗಸೊಬ್ಬಳು ಬಂದಳು. ಊರು ಕೆಡವುತ್ತಿರುವ ಬಿರುಗಾಳಿಗೆ ಮೈಮೇಲೆ ಬಟ್ಟೆಯಿಲ್ಲದ್ದೇ ಅದರ ಪುಂಡಾಟಕ್ಕೆ ಕಾರಣ, ಒಂದು ಅಂಗಿ ತೊಡಿಸಿದರೆ ನಾಲ್ಕು ಜನರ ಕಣ್ಣಿಗೆ ಬಿದ್ದು ನಾಚಿಕೊಂಡೀತು ಎಂದು ಅವಳ ಎಣಿಕೆ. ಅಳತೆ ತೆಗೆಯಲು ಹೋದರೆ ಗಾಳಿ ನಿಲ್ಲದು. ಟೇಪು ಹಿಡಿದ ಕೈ ಹಾಗೇ ಉಳಿಯುತ್ತದೆ. ಅವಳು ಗದರುವುದಿಲ್ಲ, ಬೇಡುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಸೀರೆಗಳ ಹೊಟ್ಟೆ ಎಲ್ಲಿ ಎಷ್ಟು ಉಬ್ಬಿತು ನೋಡಿ, ಎದೆಯ ಸುತ್ತಳತೆ, ತೋಳಿನ ಉದ್ದ, ಒಂದೊಂದೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ. ಎಡ ಹೆಗಲು ಬಲಕ್ಕಿಂತ ತುಸು ಇಳಿದಿದೆ ಎಂದು ಗೊತ್ತಾದಾಗ ಅವಳಿಗೆ ಆ ಗಾಳಿಯ ಮೇಲೆ ಕನಿಕರ ಬರುತ್ತದೆ.

ಮೂರು ಪುಟ, ಅಷ್ಟೇ. ಆಮೇಲೆ ಮತ್ತೆ ರಾಜಕುಮಾರ. ಆದರೆ ಆ ಮೂರು ಪುಟ ಓದುವಾಗ ಶಕುಂತಲಾಬಾಯಿ ಉಸಿರು ಬಿಡುವುದನ್ನು ಮರೆತಿದ್ದರು. ಬಟ್ಟೆ ಹೊಲಿಯಲು ತಲೆ ಬೇಕಾಗಿಲ್ಲ ಎಂದು ಬರೆದ ಕೈ ಇದೇ ತಾನೆ ಎಂದು ಬಲಗೈ ನೋಡಿಕೊಂಡರು. ಇದನ್ನು ಗಾಜಿನಾಚೆಯವರಿಗೆ ಕೂಗಿ ಹೇಳಬೇಕೆನಿಸಿತು. ಹೇಳಿ ಏನು ಬಂತು? ಏಳು ಕಸಕ್ಕೆ ಒಂಬತ್ತು, ಹತ್ತು ಹಂಚಿಯಾಗಿತ್ತು. ಈ ಬಾಯಿಯ ಹೊಗಳಿಕೆಗೆ ಈಗ ಬೆಲೆಯಿರಲಿಲ್ಲ.

“ಹತ್ತು,” ಎಂದರು. ದನಿ ನಡುಗಿದ್ದನ್ನೂ ಎಲ್ಲರೂ ನಾಟಕವೆಂದೇ ತಿಳಿದರು.

ಹತ್ತರಲ್ಲಿ ಒಂದೂ ಕೂಡಿಬರಲಿಲ್ಲ. ಬಾಯಾರೇ ಒಪ್ಪದ ಜರಡಿಯ ನೆವದಲ್ಲಿ ಇನ್ನು ಯಾರನ್ನೂ ಹಿಂದೆ ಕಳಿಸುವಂತಿರಲಿಲ್ಲ, ಸಂಜೆಯೊಳಗೆ ಕರಾರು ರದ್ದಾಯಿತು. ಒಗೆದ ಹಸ್ತಪ್ರತಿಗಳನ್ನೆಲ್ಲ ಬರೆದವರು ಮತ್ತೆ ಕಳಿಸಬಹುದು, ಸದ್ಯಕ್ಕೆ ಮನುಷ್ಯರನ್ನೇ ಕೂಡಿಸಿ ಓದಿಸುತ್ತೇವೆ ಎಂದು ಪ್ರಕಾಶಕರು ಹೇಳಿಕೆ ಕೊಟ್ಟರು. ಇಟಗಿ ಬಾಗಿಲವರೆಗೂ ಬಂದು, ಬಾಯಾರ ಮಾತಿಗೆ ಇನ್ನು ನಾಯಿಯೂ ಕಿವಿ ಕೊಡುವುದಿಲ್ಲ ಎಂದು ಹಲ್ಲು ಕಡಿದ. ಅದು ನಿಜವಾಯಿತು. ವಾರ ಕಳೆಯುವುದರೊಳಗೆ ‘ಮೈ ಝುಮ್ಮೆಂತು’ ಎಂಬುದು ಊರೆಲ್ಲ ಹಬ್ಬಿತು. ವಾಚನಾಲಯದಲ್ಲಿ ಹುಡುಗಿಯರು ಅವರನ್ನು ಕಂಡು ಮುಖ ಮುಚ್ಚಿಕೊಂಡು ನಕ್ಕರು. ಬಾಯಾರಿಗೆ ಅರಳುಮರಳಾಯಿತಂತೆ ಎಂದು ಗ್ರಂಥಪಾಲಕನೇ ಯಾರಿಗೋ ಹೇಳುತ್ತಿದ್ದ. ನಲವತ್ತೈದು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಯಿತು. ಅವರು ಮನೆಗೆ ಬಂದು ಅತ್ತರು. ಕುಮುದಿನಿ ಅಡುಗೆಮನೆಯಲ್ಲಿದ್ದಳು, ಕೇಳಿಸಿತ್ತು, ಹೊರಗೆ ಬರಲಿಲ್ಲ.

ಬಂದದ್ದು ಮರುದಿನ ಮಧ್ಯಾಹ್ನ, ಫೋನು ಹಿಡಿದುಕೊಂಡು, ಮೂಗಿನ ಹೊಳ್ಳೆ ಅರಳಿಸಿಕೊಂಡು.

“ನನ್ನ ಪುಸ್ತಕಕ್ಕೂ ಹತ್ತು ಕೊಟ್ಟೀಯಂತ.”

“ಕೊಟ್ಟೀನಿ.”

“ಆ ಕತ್ತಿ ಪುಸ್ತಕಕ್ಕೂ ಹತ್ತು, ನನಗೂ ಹತ್ತು. ಭಿಕ್ಷಾ ಹಾಕೀಯೇನು? ಅದರಕಿಂತ ಆ ಒಂದಽ ಚೊಲೋ ಇತ್ತು. ಖರೇ ಹೇಳು ಈಗ.”

ಶಕುಂತಲಾಬಾಯಿ ಕನ್ನಡಕ ತೆಗೆದಿಟ್ಟರು. ಸುಳ್ಳು ಹೇಳಿ ಈಗಾಗಲೇ ಹೆಸರು ಕಳೆದುಕೊಂಡಾಗಿತ್ತು, ಇನ್ನೊಂದು ಹೇಳಿದರೆ ಹೋಗುವಂಥದ್ದೇನೂ ಇರಲಿಲ್ಲ. ತಂಗಿ ಮತ್ತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿಯಾಳು. ‘ಚೊಲೋ ಐತಿ’ ಎನ್ನುವುದು ಎಷ್ಟರ ಮಾತು?

“ಹತ್ತಕ್ಕ ಮೂರು,” ಎಂದರು.

ಕುಮುದಿನಿಯ ತುಟಿ ಬಿಗಿಯಿತು. ಬಾಯಾರು ನಿಲ್ಲಿಸಲಿಲ್ಲ. ಭವಿಷ್ಯವಾಣಿ ಕಿತ್ತು ಒಗೆ ಎಂದರು, ಆ ರಾಜಕುಮಾರನನ್ನು ಕಂಡರೆ ತನಗೇ ಒದೆಯಬೇಕೆನಿಸಿತು ಎಂದರು, ನೋಡದ ಸಾಗರ ಒಂದೂ ಬೇಡ ಎಂದರು. ಬೈಯುತ್ತ ಹೋದ ಹಾಗೆ ಅವರ ದನಿಗೆ ಹಳೆಯ ಖಾರ ಮರಳಿತು. ಹಾಗಾದರೆ ಆ ಮೂರು ಯಾತಕ್ಕೆ ಕೊಟ್ಟೆ ಎಂದು ಕುಮುದಿನಿ ಹಲ್ಲು ಕಚ್ಚಿ ಕೇಳಿದಳು.

“ಆಕಿ ಗಾಳಿದು ಅಳತಿ ತಗೊಂತಾಳಲ್ಲ, ಅದಕ್ಕ. ಅದನ್ನ ಓದೂ ಮುಂದ ನನಗ ಉಸಿರು ನಿಂತಿತ್ತು, ಕುಮುದಾ. ಅಷ್ಟು ತಲಿ ನಿನಗೈತಿ ಅಂತ ನನಗ ಗೊತ್ತಿದ್ದಿಲ್ಲ. ಹದಿನೇಳು ವರ್ಷ ಬಾಜೂಕ ಕುಂತು ನೋಡೀನಿ, ಗೊತ್ತಾಗಲಿಲ್ಲ. ತಪ್ಪು ನಂದು.”

“ನಿನ್ನ ಮೂರು ನೀನಽ ಇಟ್ಕೋ,” ಎಂದಳು ಕುಮುದಿನಿ. ತಿರುಗಿ ಹೋಗಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಹಾಕಿ ಕುಳಿತಳು. ಯಾರದೋ ಕುಪ್ಪಸದ ತೋಳು ಜೋಡಿಸತೊಡಗಿದಳು. ಯಂತ್ರ ಬಹಳ ಹೊತ್ತು ರಪರಪ ಓಡಿತು.

ಆಮೇಲೆ ಯಂತ್ರ ನಿಂತಿತು. ಕುಮುದಿನಿ ಹಿಂದಿರುಗಿ ನೋಡಲಿಲ್ಲ. ದನಿಯಲ್ಲಿ ಸಿಟ್ಟು ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ.

“ರಾಜಕುಮಾರನ್ನ ತಗದ್ರ ಅವನ ಕುದರಿ ಏನ್ ಮಾಡ್ಲಿ?”

ಶಕುಂತಲಾಬಾಯಿ ಅವಸರ ಮಾಡಲಿಲ್ಲ, ಸರಿಯಾಗಿ ಯೋಚಿಸಿದರು.

“ಕುದರಿ ಇರ್ಲಿ,” ಎಂದರು. “ಕುದರಿ ಚೊಲೋ ಐತಿ.”